ನೂರು ಅಡಿ ತಂತಿ

೧

ಜನರೇಟರಿನಿಂದ ಕಥೆ ಶುರು ಮಾಡಬಾರದು. ಅಷ್ಟು ಬುದ್ಧಿ ನನಗೂ ಇದೆ. ಮೊದಲ ಸಾಲಿನಲ್ಲೇ ಸೀಮೆಎಣ್ಣೆ ವಾಸನೆ ಬಂದರೆ ನೀವು ಪುಟ ಮಗುಚಿ ವಾರಭವಿಷ್ಯಕ್ಕೆ ಹೋಗಿಬಿಡುತ್ತೀರಿ. ಹಾಗಾದರೆ ಯಾವುದರಿಂದ ಶುರು ಮಾಡಲಿ? ಮೊದಲ ಡ್ರಾಫ್ಟ್ ಹೀಗಿತ್ತು:

"ಇಟ್ಟಮಡುವಿನ ಆಚೆ, ಹಳ್ಳಿ ಮುಗಿದು ಸಿಟಿ ಇನ್ನೂ ಶುರುವಾಗದ ಬಯಲಿನಲ್ಲಿ, ಹೊಂಬಿಸಿಲು ಹರಡಿತ್ತು..."

ಸಾಕು. ಹೊಂಬಿಸಿಲು ಎಂದು ಬರೆದ ಕೈಯನ್ನು ನಾನೇ ಗಿಲ್ಲಿಕೊಂಡೆ. ಅಲ್ಲಿ ಇದ್ದದ್ದು ಸಾದಾ ಬಿಸಿಲು, ಕೆಂಪು ಧೂಳು, ಹದಿನೇಳು ಮನೆ. ಜೊತೆಗೆ ರಸ್ತೆ ಬದಿಯಲ್ಲಿ ಎರಡು ವರ್ಷದಿಂದ ಮಲಗಿದ್ದ ಲೈಟು ಕಂಬಗಳು. ಕಂಬ ಬಂದ ದಿನ ಲೇಔಟಿನವರೆಲ್ಲ ಸೇರಿ ಅವಕ್ಕೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಿದ್ದರು. ಆಮೇಲೆ ಯಾರೂ ಬಂದು ಅವುಗಳನ್ನು ನಿಲ್ಲಿಸಲಿಲ್ಲ. ರೆವಿನ್ಯೂ ಸೈಟು ಅಂದರೆ ಹಾಗೆ, ಹೊಲಕ್ಕೆ ಸುಣ್ಣದ ಗೆರೆ ಎಳೆದು ಮಾರಿದ ಜಾಗ. ಸರ್ಕಾರದ ಕಾಗದದಲ್ಲಿ ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿತ್ತು. ರಾಗಿಗೆ ಕರೆಂಟು ಯಾಕೆ?

(ಈ ಕೊನೆಯ ಸಾಲು ನನಗೆ ಇಷ್ಟವಾಯಿತು, ನಗು ಬರುತ್ತದೆ. ನಾನು ನಗಿಸುವ ಸಾಲು ಬರೆದಾಗಲೆಲ್ಲ ಏನನ್ನೋ ಮುಚ್ಚಿಡುತ್ತಿದ್ದೇನೆ ಅಂತ ತಿಳಿಯಿರಿ.)

೨

ವಿಷಯ ಇಷ್ಟು. ಸಾವಿರದ ಒಂಬೈನೂರ ಎಂಬತ್ತಾರು, ಬೇಸಿಗೆ. ಸೇತುರಾಮರಿಗೆ ಐವತ್ತೊಂಬತ್ತು ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಆಸಿಡ್ ಹಾರಿ ಹಾರಿ ಅವರ ಪ್ಯಾಂಟುಗಳಲ್ಲೆಲ್ಲ ಸಾಸಿವೆ ಕಾಳಿನಷ್ಟು ತೂತುಗಳಿದ್ದವು. ಹೆಂಡತಿ ವಾರಿಜಾ, ಐವತ್ತೆರಡು. ಮಕ್ಕಳಿಲ್ಲ. ಬಸವನಗುಡಿಯ ಕೂಡುಮನೆಯಲ್ಲಿ ಒಂದು ಕೋಣೆಗೆ ಪರದೆ ಕಟ್ಟಿಕೊಂಡು ಇಪ್ಪತ್ತೇಳು ವರ್ಷ ಸಂಸಾರ ಮಾಡಿ, ಕೊನೆಗೆ ಈ ಬಯಲಿನಲ್ಲಿ ಎರಡು ಕೋಣೆಯ ಸ್ವಂತ ಮನೆ ಕಟ್ಟಿಕೊಂಡಿದ್ದರು. ಈಗ ಅವರ ಮನೆಗೆ ಕರೆಂಟು ಬೇಕು, ತುರ್ತಾಗಿ ಬೇಕು.

ಯಾಕೆ ಬೇಕು? ಎರಡನೇ ಡ್ರಾಫ್ಟಿನಲ್ಲಿ ಅವರಿಗೆ ಟಿವಿ ನೋಡುವ ಆಸೆಯಾಗಿತ್ತು. ಸೊಗಸಾಗಿ ಓಡಿತು ಕಥೆ. ಆಂಟೆನಾ ಏರಿಸುವಾಗ ಏಣಿ ಜಾರುವುದು, ಹದಿನೇಳು ಮನೆಯವರೂ ಚಾಪೆ ಹಿಡಿದು ಬರುವುದು, ಸಖತ್ ತಮಾಷೆ. ಹದಿನೈದನೇ ಪುಟದಲ್ಲಿ ಸೇತುರಾಮರು ಗೋಡೆಗೆ ನೇತುಹಾಕಿದ್ದ ಸ್ಲೇಟು ತೆಗೆದು, ಏನೋ ಬರೆದು, ನನ್ನ ಕಡೆ ತಿರುಗಿಸಿ ಹಿಡಿದರು.

"ನಮಗೆ ಟಿವಿ ಬೇಡ. ನನ್ನ ಗಂಟಲನ್ನು ಎಲ್ಲಿ ಬಿಟ್ಟಿರಿ?"

"ಕಥೆ ತುಂಬ ಭಾರ ಆಗತ್ತೆ ಸಾರ್," ಅಂದೆ.

ಅವರು ಬಟ್ಟೆಯಿಂದ ಒರೆಸಿ ಮತ್ತೆ ಬರೆದರು. "ತೂತಿನ ಸಮೇತ ವಾಪಸು ಕೊಡಿ."

೩

ಕೊಟ್ಟೆ. ಅವರ ಗಂಟಲಿನಲ್ಲಿ ಗಡ್ಡೆಯಾಗಿ, ಆಪರೇಷನ್ ಆಗಿ, ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯೂ ಹೋಗಿತ್ತು. ಕತ್ತಿನ ಬುಡದಲ್ಲಿ ಎಂಟಾಣೆ ನಾಣ್ಯದಷ್ಟು ತೂತು. ಮೂಗು ಮುಖದ ಮೇಲೆ ಸುಮ್ಮನೆ ಕೂತಿತ್ತು. ಉಸಿರೆಲ್ಲ ಆ ತೂತಿನಿಂದಲೇ. ಅದರಲ್ಲಿ ಕಫ ಕಟ್ಟಿದರೆ ಸಣ್ಣ ರಬ್ಬರ್ ನಳಿಕೆ ಇಳಿಸಿ, ಪಂಪಿನಿಂದ ಹೀರಿ ತೆಗೆಯಬೇಕು, ದಿನಕ್ಕೆ ಆರೇಳು ಸಲ. ತೆಗೆಯದಿದ್ದರೆ ಉಸಿರು ಕಟ್ಟುತ್ತದೆ. ಪಂಪು ತಿರುಗಲು ಕರೆಂಟು ಬೇಕು. ಕಥೆಯ ಗಂಟು ಇಷ್ಟೇ, ಇದರಲ್ಲಿ ಯಾವ ಜಾಣತನವೂ ಇಲ್ಲ.

ಡಿಸ್ಚಾರ್ಜಿಗೆ ಹತ್ತು ದಿನ ಇರುವಾಗ ವಾರ್ಡಿನ ಸಿಸ್ಟರ್ ಶಾಂತಾದೇವಿ ವಾರಿಜಾರನ್ನು ಮೇಜಿನ ಹತ್ತಿರ ಕರೆದು ಒಂದು ಫಾರಂ ತುಂಬಿಸಿಕೊಂಡರು.

"ಮನೆಗೆ ಹೋದ್ಮೇಲೂ ಪಂಪ್ ಬೇಕಾಗತ್ತಮ್ಮ. ನಿಮ್ಮನೇಲಿ ಕರೆಂಟ್ ಇದ್ಯಲ್ಲ?"

ವಾರಿಜಾ "ಇದೆ" ಅಂದರು.

ಯಾಕೆ ಹಾಗಂದರು? ಆ ದಿನ ಪಕ್ಕದಲ್ಲೇ ಸೇತುರಾಮರ ಅತ್ತಿಗೆ ಹಣ್ಣಿನ ಚೀಲ ಹಿಡಿದು ನಿಂತಿದ್ದರು. ಈ ಅತ್ತಿಗೆ ಮೂರು ವರ್ಷದಿಂದ ಸಿಕ್ಕಿದ ಮದುವೆ ಮುಂಜಿಯಲ್ಲೆಲ್ಲ "ನಮ್ಮ ವಾರಿಜಾ ಕಾಡಲ್ಲಿ ಮನೆ ಕಟ್ಟಿದಾಳೆ, ಸಂಜೆ ಆದ್ರೆ ಬುಡ್ಡಿ ದೀಪ" ಅಂತ ಹೇಳಿಕೊಂಡು ತಿರುಗುತ್ತಿದ್ದವರು. ವಾರಿಜಾ ಮೂರು ವರ್ಷವೂ "ಮುಂದಿನ ತಿಂಗಳು ಬರತ್ತೆ" ಅನ್ನುತ್ತಲೇ ಇದ್ದರು. ಆ ದಿನ ಮುಂದಿನ ತಿಂಗಳು ಎನ್ನುವುದನ್ನು ಬಿಟ್ಟು ಬರೀ ಇದೆ ಅಂದರು. ಸಿಸ್ಟರ್ ಫಾರಮ್ಮಿನಲ್ಲಿ ಟಿಕ್ ಹಾಕಿದರು. ಸ್ವಂತ ಮನೆ ಕಟ್ಟಿಕೊಂಡವರಿಗೆ ಮಾತ್ರ ಬಾಯಿಗೆ ಬರುವ ಸುಳ್ಳು ಅದು. ಬಾಡಿಗೆಯವರಾಗಿದ್ದರೆ ನಿಜ ಹೇಳಿ ಓನರಿಗೆ ಬೈದುಬಿಡುತ್ತಿದ್ದರು.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ವಾರಿಜಾ ಆಸ್ಪತ್ರೆಯ ಬಾಗಿಲ ಕಡೆ ತಿರುಗಿ ನೋಡಿದರು. ತಾನು ಹೇಳಿದ ಸುಳ್ಳಿನ ಮೇಲೆ ಒಬ್ಬರ ಉಸಿರು ನಿಂತಿದೆ ಅಂತ ಅವರಿಗೆ ಆಗ ಹೊಳೆಯಿತು. ಒಳಗೆ ಹೋಗಿ ತಿದ್ದಬಹುದಿತ್ತು. ಅಷ್ಟರಲ್ಲಿ ಬಸ್ಸು ಬಂತು, ಅತ್ತಿಗೆಯೂ ಜೊತೆಗೆ ಹತ್ತಿದರು.

೪

ಸೇತುರಾಮರಿಗೆ ಹೆಂಡತಿ ಮಾಡಿದ್ದು ಗೊತ್ತಾದಾಗ ಅವರು ಬೈಯಲಿಲ್ಲ. (ಬೈಯಲು ಧ್ವನಿ ಇರಲಿಲ್ಲ ಅಂತ ಬರೆದೆ. ಅಗ್ಗದ ಸಾಲು. ಸ್ಲೇಟಿನಲ್ಲಿ "ಧ್ವನಿ ಇದ್ದರೂ ಬೈಯುತ್ತಿರಲಿಲ್ಲ" ಅಂತ ಬಂತು. ಇರಲಿ, ಅವರ ಮಾತೇ ನಿಲ್ಲಲಿ.) ಆಸ್ಪತ್ರೆಯ ಮಂಚದ ಮೇಲೆ ಕೂತು, ಮೂವತ್ತೊಂದು ವರ್ಷದ ಕೆಲಸವನ್ನೆಲ್ಲ ಮಡಿಲಿಗೆ ಹಾಕಿಕೊಂಡವರಂತೆ, ಹುಮ್ಮಸ್ಸಿನಿಂದ ಬರೆಯತೊಡಗಿದರು. ಅವರಿಗೆ ಕಾಯಿಲೆ ಬಂದ ಮೇಲೆ ಮೊದಲ ಸಲ ಒಂದು ಕೆಲಸ ಸಿಕ್ಕಿತ್ತು.

ಪಂಪಿನ ಮೋಟಾರು ಬದಲಿಸುವುದು ಸುಲಭ. ಸಾರಕ್ಕಿಯ ವೈಂಡಿಂಗ್ ಅಂಗಡಿಯವನು ಲಾರಿ ಬ್ಯಾಟರಿಯಿಂದ ತಿರುಗುವ ಮೋಟಾರು ಕೂರಿಸಿಕೊಟ್ಟ. ಮನೆಯಲ್ಲಿ ಒಂದು ದೊಡ್ಡ ಲಾರಿ ಬ್ಯಾಟರಿ ಇಟ್ಟರೆ ಪಂಪು ಎರಡು ದಿನ ಓಡುತ್ತದೆ. ಆಮೇಲೆ? ಬ್ಯಾಟರಿ ಅಂದರೆ ತೊಟ್ಟಿ ಇದ್ದ ಹಾಗೆ, ತುಂಬಿಸುವವರು ಬೇಕು. ತುಂಬಿಸುವ ದಾರಿಗಳನ್ನು ಸೇತುರಾಮರು ಹೆಂಡತಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದರು.

ಬ್ಯಾಟರಿಯನ್ನೇ ಹೊತ್ತು ಎರಡು ದಿನಕ್ಕೊಮ್ಮೆ ಸಾರಕ್ಕಿಗೆ ಹೋಗಿ ಚಾರ್ಜ್ ಮಾಡಿಸಿ ತರುವುದು. ಅದನ್ನು ಇಬ್ಬರು ಗಂಡಸರು ಎತ್ತಬೇಕು. ಇವರ ಮನೆಯಲ್ಲಿ ಅರ್ಧ ಗಂಡಸು ಮಾತ್ರ ಇದ್ದಾನೆ ಅಂತ ಬರೆದು ಅವರೇ ನಕ್ಕರು. ಕತ್ತಿನ ತೂತಿನಿಂದ ಗಾಳಿಯ ಶಬ್ದವಷ್ಟೇ ಬಂತು. ವಾರಿಜಾ ನಗಲಿಲ್ಲ.

ಇನ್ನೊಂದು, ಸಣ್ಣ ಜನರೇಟರ್ ಕೊಳ್ಳುವುದು. ಪೆಟ್ರೋಲಿನಲ್ಲಿ ಹತ್ತಿಕೊಂಡು ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಅದರ ಮೈಯಲ್ಲೇ ಬ್ಯಾಟರಿಗೆ ಅಂತ ತಂತಿ ಸಿಕ್ಕಿಸುವ ಹನ್ನೆರಡು ವೋಲ್ಟಿನ ಎರಡು ಮೊಳೆ ಇರುತ್ತವೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಮುಗಿಯಿತು. ಮಕ್ಕಳೂ ಮಾಡಬಹುದು. ಆದರೆ ಅದು ತುಂಬಿಸುವುದು ಸಣ್ಣ ಚೊಂಬಿನಲ್ಲಿ. ಅಲ್ಲದೆ ಹನ್ನೆರಡು ವೋಲ್ಟಿನ ಕರೆಂಟು ಉದ್ದ ತಂತಿಯಲ್ಲಿ ದಾರಿಯಲ್ಲೇ ಸೋತುಹೋಗುತ್ತದೆ. ಹಾಗಾಗಿ ಜನರೇಟರ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಪಕ್ಕದಲ್ಲಿದ್ದರೆ ಹೊಗೆ. ಮೂಗಿಲ್ಲದ ಕತ್ತಿಗೆ ಹೊಗೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೂರನೆಯದು ಸರಿಯಾದದ್ದು. ಅದೇ ಜನರೇಟರ್, ಆದರೆ ಆ ಎರಡು ಮೊಳೆಗಳನ್ನು ಮರೆತುಬಿಡುವುದು. ಮನೆಗೆ ಬರುವಂಥ ಇನ್ನೂರ ಮೂವತ್ತು ವೋಲ್ಟಿನ ಕರೆಂಟನ್ನು ನೂರು ಅಡಿ ತಂತಿಯಲ್ಲಿ ಮನೆಯೊಳಗೆ ತಂದು, ಬ್ಯಾಟರಿಯ ಪಕ್ಕದಲ್ಲಿ ಒಂದು ದೊಡ್ಡ ಚಾರ್ಜರ್ ಇಟ್ಟು ತುಂಬಿಸುವುದು. ಹೊಗೆ ಅಲ್ಲೇ ದೂರ ಇರುತ್ತದೆ, ಕರೆಂಟು ಇಲ್ಲಿಗೆ ಬರುತ್ತದೆ, ಮೂರು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆ. ಒಂದೇ ತೊಂದರೆ, ಅದನ್ನು ನೋಡಿಕೊಳ್ಳಲು ಕಲಿಯಬೇಕು. ಮೀಟರಿನ ಮುಳ್ಳು ಎಲ್ಲಿದೆ ನೋಡಬೇಕು, ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ಒಳಗಿನ ಬೆಂಡು ಎಷ್ಟು ತೇಲುತ್ತದೆ ಅಂತ ಓದಬೇಕು, ಹೆಚ್ಚಾದರೆ ನಿಲ್ಲಿಸಬೇಕು.

"ನಿನಗೆ ಕಲಿಸುತ್ತೇನೆ," ಅಂತ ಬರೆದರು ಸೇತುರಾಮರು.

"ನನಗ್ಯಾಕ್ರೀ? ನೀವೇ ಇರ್ತೀರಲ್ಲ ನೋಡ್ಕೊಳ್ಳೋಕೆ."

ಅವರು ಸ್ಲೇಟು ಒರೆಸಿದರು. ಗಾಜಿನ ಕೊಳವೆಯ ಚಿತ್ರ ಬಿಡಿಸತೊಡಗಿದರು.

"ನಾನು ಕಲಿಯಲ್ಲ," ಅಂದರು ವಾರಿಜಾ. "ನಾನು ಕಲ್ತ್‌ಬಿಟ್ರೆ ನೀವು ನಿಶ್ಚಿಂತೆಯಾಗಿ ಮಲಗಿಬಿಡ್ತೀರ. ನನಗೆ ಗೊತ್ತು ನಿಮ್ಮ ಬುದ್ಧಿ. ಎರಡು ಮೊಳೆದೇ ತರ್ತೀನಿ. ಕೆಂಪಿಗೆ ಕೆಂಪು."

ಎಂಥ ಪೆದ್ದು ಹಟ ಅನ್ನಿಸಬಹುದು ನಿಮಗೆ. ನನಗೂ ಅನ್ನಿಸಿತ್ತು. ಮದುವೆಯಾಗಿ ಮೂವತ್ತು ವರ್ಷ ಆ ಮನುಷ್ಯ ಬ್ಯಾಟರಿಯ ವಿಷಯ ಒಂದನ್ನು ಬಿಟ್ಟು ಬೇರೆ ಯಾವುದರಲ್ಲೂ ಗೆದ್ದಿರಲಿಲ್ಲ. ಅದನ್ನೂ ತಾನು ಕಲಿತುಬಿಟ್ಟರೆ ಅವನು ಭೂಮಿಯ ಮೇಲೆ ಯಾಕೆ ಉಳಿಯಬೇಕು ಅಂತ ಆಕೆಗೆ ಹೆದರಿಕೆ. ಅಷ್ಟು ಪ್ರೀತಿ ಇತ್ತು. ಅದನ್ನು ಹೇಳಲು ಅವರಿಗೆ ಬೇರೆ ಭಾಷೆ ಗೊತ್ತಿರಲಿಲ್ಲ.

೬

(ಐದನ್ನು ಹರಿದು ಹಾಕಿದೆ. ಅದರಲ್ಲಿ ಅಂಗಡಿಯ ಸೇಲ್ಸ್‌ಮನ್ ಬಂದಿದ್ದ.)

ಗಂಡ ಬಿಡಲಿಲ್ಲ. ತನಗೆ ಬೇಕಾದ್ದನ್ನು ಒಂದು ಚೀಟಿಯಲ್ಲಿ ಅಚ್ಚುಕಟ್ಟಾಗಿ ಬರೆದು, ಮಡಿಸಿ, ಹೆಂಡತಿಯ ಕೈಗೆ ಕೊಟ್ಟರು. ಆಕೆ ಅದನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡು ಜಯನಗರಕ್ಕೆ ಬಂದರು. ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ ಕರಿಬಸವಯ್ಯ ಎಂಬವರದು ಪಂಪು, ಇಂಜಿನ್ನು, ಜನರೇಟರುಗಳ ಅಂಗಡಿ. ಕರಿಬಸವಯ್ಯ ಊಟಕ್ಕೆ ಹೋಗಿದ್ದರು. ಕೌಂಟರಿನಲ್ಲಿ ಸೇಲ್ಸ್‌ಮನ್ ಒಬ್ಬನೇ ಇದ್ದ.

ಅವನಿಗೆ ಹೆಸರು ಬೇಡ. ಎರಡು ನಿಮಿಷದ ಪಾತ್ರ.

ಸ್ಲೇಟು ಮೇಲೆದ್ದಿತು. "ಹೆಸರು ಕೊಡಿ."

"ಓದುಗರಿಗೆ ಸುಮ್ಮನೆ ಭಾರ ಸಾರ್."

"ನನ್ನ ಗಂಟಲನ್ನು ಹೊರುವವರಿಗೆ ಇದು ಭಾರವೇ?"

ಮುಂದಕ್ಕೆ ಹೋಗೋಣ. ವಾರಿಜಾ ಕೌಂಟರಿನ ಮುಂದೆ ನಿಂತರು. ಅಲ್ಲಿಯ ತನಕ ಆ ಅಂಗಡಿಯೊಳಗೆ ಹೆಂಗಸೊಬ್ಬರು ಒಂಟಿಯಾಗಿ ಬಂದದ್ದೇ ಇರಲಿಲ್ಲ. ಸೇಲ್ಸ್‌ಮನ್ ಅವರ ಹಿಂದೆ ಯಾರಾದರೂ ಗಂಡಸರು ಬರುತ್ತಾರೇನೋ ಅಂತ ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ.

"ಏನು ಬೇಕಿತ್ತು ಮೇಡಂ?"

"ಜನರೇಟರ್. ಮನೆಗೆ. ನಮ್ಮನೇಲಿ ಕರೆಂಟಿಲ್ಲ." ಅಷ್ಟು ಹೇಳಿದವರೇ, ಗುರುತಿಲ್ಲದ ಆ ಮನುಷ್ಯನ ಮುಂದೆ, ಎಲ್ಲವನ್ನೂ ಹೇಳಿಬಿಟ್ಟರು. ಗಂಟಲು, ಪಂಪು, ಅತ್ತಿಗೆ, ಫಾರಮ್ಮಿನ ಟಿಕ್ಕು, ಗಾಜಿನ ಕೊಳವೆಯ ಜಗಳ. "ಆಸ್ಪತ್ರೇಲಿ ಇದೆ ಅಂದ್ಬಿಟ್ಟಿದೀನಿ. ಗುರುವಾರ ಮನೆಗೆ ಕಳಿಸ್ತಾರೆ. ಅಷ್ಟರಲ್ಲಿ ಆಗ್ಬೇಕು." ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡು, ಕರ್ಚೀಫಿನ ಗಂಟು ಬಿಚ್ಚಿ ಚೀಟಿ ಮುಂದಿಟ್ಟರು.

ಸೇಲ್ಸ್‌ಮನ್ ಚೀಟಿ ನೋಡಿದ. ದೊಡ್ಡ ಚಾರ್ಜರ್ ಅಂಗಡಿಯಲ್ಲಿ ಇರಲಿಲ್ಲ, ತರಿಸಲು ಮೂರು ವಾರ ಬೇಕು. ಜನರೇಟರ್ ಒಂದು ಇತ್ತು, ಹನ್ನೆರಡು ವೋಲ್ಟಿನ ಮೊಳೆಗಳ ಸಮೇತ. ನಾಲ್ಕು ತಿಂಗಳಿಂದ ಧೂಳು ಕುಡಿಯುತ್ತ ಕೂತಿತ್ತು.

"ಇದ್ರಲ್ಲೇ ಬ್ಯಾಟರಿಗೆ ಕನೆಕ್ಷನ್ ಇದೆ ಮೇಡಂ. ಬೇರೆ ಚಾರ್ಜರ್ ಯಾಕೆ?"

"ಅವ್ರು ಬೇಡ ಅಂತಾರೆ. ಹೊಗೆ ಆಗತ್ತಂತೆ. ದೂರ ಇಟ್ಟು ಇದಕ್ಕೇ ಉದ್ದ ವೈರ್ ಹಾಕಿದ್ರೆ ಆಗತ್ತಾ? ನೂರಡಿ? ಎಲ್ಲಿಡ್ಲಿ ಹೇಳಿ."

"ಆಗತ್ತೆ ಮೇಡಂ, ತಗೊಳ್ಳಿ. ಎಲ್ಲಿಟ್ರೂ ಆಗತ್ತೆ."

ವಾರಿಜಾರ ಮುಖ ಅರಳಿತು. ಎಷ್ಟು ದಿನದ ಮೇಲೋ ಅರಳಿತು. ಅವರಿಗೆ ಬೇಕಾಗಿದ್ದ ಮಾತನ್ನು ಯಾರೋ ಕೊನೆಗೂ ಹೇಳಿದ್ದರು.

೭

ಇಲ್ಲಿಂದ ಮುಂದಿನದು ನನ್ನ ಊಹೆ. ಇಷ್ಟು ಹೊತ್ತು ಬರೆದದ್ದರಲ್ಲೂ ಅರ್ಧ ಊಹೆಯೇ. ಸೇತುರಾಮರ ಅಕ್ಷರ ಹೇಗಿತ್ತು ಅಂತ ಮಾತ್ರ ಗೊತ್ತು.

ಜನರೇಟರನ್ನು ಮೊದಲು ಮನೆಯ ಹಿಂದೆ ಇಟ್ಟಿರಬೇಕು. ಅಲ್ಲಿ ಪಕ್ಕದ ಮನೆಯ ಮುನಿಯಕ್ಕನ ಹಸು ಇತ್ತು. ಸದ್ದಿಗೆ ಬೆದರಿ ಹಗ್ಗ ಕಿತ್ತುಕೊಂಡು ಹೋಗಿರಬೇಕು.

"ಅಯ್ಯೋ ಇದೇನವ್ವ ಇದು, ಹಸ ಹಾಲೇ ಬುಡ್ತಿಲ್ಲ," ಅಂದಿರುತ್ತಾಳೆ ಮುನಿಯಕ್ಕ. ಆಮೇಲೆ ಕಿಟಕಿಯಿಂದ ಒಳಗೆ ನೋಡಿ, ಮಂಚದ ಮೇಲೆ ಕತ್ತಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದವರನ್ನು ಕಂಡು, ದನಿ ಇಳಿಸಿರುತ್ತಾಳೆ. "ಓಗ್ಲಿ ಬುಡಿ. ಆ ಕಂಬದ ತಾವ ಇಟ್ಕಳಿ. ಅಲ್ಲಿರೋ ಬೆರಣಿ ನಾ ಎತ್ಕತೀನಿ."

ಹೀಗೆ ಜನರೇಟರು ಮಲಗಿದ ಲೈಟು ಕಂಬಗಳ ಪಕ್ಕಕ್ಕೆ ಹೋಯಿತು. ಕರೆಂಟು ತರಬೇಕಾಗಿದ್ದ ಕಂಬಗಳ ಮಗ್ಗುಲಲ್ಲೇ ಡುಗುಡುಗು ಅಂತ ಓಡಿತು. ಮನೆಯಿಂದ ಅಲ್ಲಿಗೆ ಸರಿಯಾಗಿ ನೂರು ಅಡಿ. ಬೆಳಿಗ್ಗೆ ಏಳಕ್ಕೆ ಹಗ್ಗ ಎಳೆದು ಇಂಜಿನ್ ಶುರು ಮಾಡಿದರೆ ಸಂಜೆಯವರೆಗೆ ವಾರಿಜಾ ಸೀಮೆಎಣ್ಣೆ ಹೊಯ್ಯುತ್ತ ನೂರು ಅಡಿ ಹೋಗುವುದು, ಪಂಪು ಹಿಡಿಯಲು ನೂರು ಅಡಿ ಓಡಿ ಬರುವುದು. ಸಂಜೆ ಸೇತುರಾಮರು ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ನೋಡುತ್ತಾರೆ. ಬೆಂಡು ತಳದಲ್ಲೇ ಇದೆ.

"ತುಂಬಿಲ್ಲ," ಅಂತ ಬರೆಯುತ್ತಾರೆ. ಹೆಂಡತಿಯ ಮುಖ ನೋಡುತ್ತಾರೆ. ಅದನ್ನು ಒರೆಸಿ ಬೇರೆ ಬರೆಯುತ್ತಾರೆ. "ಪರವಾಗಿಲ್ಲ. ನಾಳೆ ತುಂಬೀತು."

ನಾಳೆ ತುಂಬುವುದಿಲ್ಲ ಅಂತ ಅವರಿಗೆ ಗೊತ್ತು. ಮೂವತ್ತೊಂದು ವರ್ಷ ಬ್ಯಾಟರಿಗಳಿಗೆ ಸುಳ್ಳು ಹೇಳದ ಮನುಷ್ಯ ಹೆಂಡತಿಗೆ ಹೇಳಿದ ಮೊದಲ ಸುಳ್ಳು ಇದು. (ಊಹೆ. ಆದರೂ ಇದನ್ನು ಬರೆದು ನಾನು ಸ್ವಲ್ಪ ಹೊತ್ತು ಎದ್ದು ಓಡಾಡಿದೆ.)

೮. ಅಂತ್ಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ

ಅ) ಒಂದು ಭಾನುವಾರ ಲೈನ್‌ಮನ್ ಗಂಗಯ್ಯ ಆಳುಗಳನ್ನು ಕರೆದುಕೊಂಡು ಬಂದು ಕಂಬ ನಿಲ್ಲಿಸುತ್ತಾನೆ. ಸಂಜೆಗೆ ಹದಿನೇಳು ಮನೆಯಲ್ಲೂ ಬಲ್ಬು ಹತ್ತುತ್ತದೆ. ಮುನಿಯಕ್ಕ ಪಾಯಸ ಮಾಡುತ್ತಾಳೆ.

ಸ್ಲೇಟು: "ಭಾನುವಾರ ಯಾವ ಲೈನ್‌ಮನ್ ಬರುತ್ತಾನೆ ಸ್ವಾಮಿ?"

ಆ) ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಪಂಪಿನ ಸದ್ದು ಕುಗ್ಗುತ್ತದೆ. ನಳಿಕೆ ಒಳಗಿದೆ, ಹೀರುತ್ತಿಲ್ಲ. ಸೇತುರಾಮರ ಬೆರಳು ಮಂಚದ ಪಟ್ಟಿಯನ್ನು

ಬೇಡ. ಹೊಡೆದು ಹಾಕಿದ್ದೇನೆ. ಇದನ್ನು ಆರಿಸಿಕೊಳ್ಳಬೇಡಿ.

ಇ) ವಾರಿಜಾ ಆಸ್ಪತ್ರೆಗೆ ಹೋಗಿ, "ಸಿಸ್ಟರ್, ಅವತ್ತು ಸುಳ್ಳು ಹೇಳ್ದೆ, ನಮ್ಮನೇಲಿ ಕರೆಂಟಿಲ್ಲ" ಅನ್ನುತ್ತಾರೆ. ಶಾಂತಾದೇವಿ ಅವರನ್ನು ಒಂದು ಕ್ಷಣ ನೋಡಿ, ಬೀರು ತೆಗೆದು, ಕೆಳಗಿನ ಖಾನೆಯಿಂದ ಒಂದು ಪಂಪು ತೆಗೆದುಕೊಡುತ್ತಾರೆ. ಕಾಲಿನಿಂದ ತುಳಿಯುವ ಪಂಪು. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ, ಏನೂ ಬೇಡ.

ಈ ಪಂಪನ್ನು ನಾನು ಕಥೆಗೆಂದು ಕಟ್ಟಲಿಲ್ಲ. ಈ ವರ್ಷ, ಎಂಬತ್ತೊಂಬತ್ತರಲ್ಲಿ, ನನ್ನ ಮಾವನವರನ್ನು ಅದೇ ವಾರ್ಡಿಗೆ ಸೇರಿಸಿದ್ದೆವು. ಪಕ್ಕದ ಮಂಚದವರು ಉತ್ತರಹಳ್ಳಿಯಿಂದಲೂ ಆಚೆಯವರು. ಶಾಂತಾದೇವಿ ಅವರ ಮಗಳನ್ನು ಅದೇ ಮೇಜಿನ ಹತ್ತಿರ ಕರೆದು, ಅದೇ ಫಾರಂ ತೆಗೆದು ಕೇಳಿದರು.

"ಮನೇಲಿ ಕರೆಂಟ್ ಇದ್ಯಾಮ್ಮ?"

"ಇಲ್ಲ ಸಿಸ್ಟರ್."

"ಹಾಗಾದ್ರೆ ಕಾಲಿಂದು ಕೊಡ್ತೀನಿ. ಹೊಲಿಗೆ ಮಿಷನ್ ತುಳಿಯೋ ಹಾಗೆ ತುಳೀಬೇಕು, ಅಷ್ಟೆ."

ನಾನು ವರಾಂಡಕ್ಕೆ ಬಂದುಬಿಟ್ಟೆ. ಬಸವನಗುಡಿಯಲ್ಲಿ ವಾರಿಜಾ ಹತ್ತು ವರ್ಷ ಹೊಲಿಗೆ ಮಿಷನ್ ತುಳಿದಿದ್ದವರು. ಆ ದಿನ ಕೌಂಟರಿನಲ್ಲಿ ಅದನ್ನೂ ಹೇಳಿದ್ದರು.

ಸೇತುರಾಮರು ಈ ಅಂತ್ಯವನ್ನು ಓದಿ ಸ್ಲೇಟನ್ನು ಎರಡು ಸಲ ಒರೆಸಿದರು. ಆಮೇಲೆ ಬರೆದರು. "ವಾರಿಜಾಗೆ ಇದನ್ನು ತಿಳಿಸಬೇಡಿ."

೯

ಕೌಂಟರಿನಲ್ಲಿ ಯಾರಿಗೆ ಹೇಳಿದ್ದರು ಅಂತ ನೀವು ಕೇಳುತ್ತೀರಿ. ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿಯೂ ಇರುತ್ತದೆ. ಹೆಸರಿಲ್ಲದವನ ಹೆಸರು ತಿರುಮಲೇಶ. ಆಗ ಅವನಿಗೆ ಮೂವತ್ತೊಂದು ವರ್ಷ, ಕರಿಬಸವಯ್ಯನವರ ಅಂಗಡಿಯಲ್ಲಿ ಹಗಲು ಜನರೇಟರ್ ಮಾರುತ್ತಿದ್ದ, ಬಿಡುವಿನಲ್ಲಿ ವಾರಪತ್ರಿಕೆಗಳಿಗೆ ಕಥೆ ಬರೆಯುತ್ತಿದ್ದ. ಈಗಲೂ ಬರೆಯುತ್ತಿದ್ದಾನೆ. ಇದೇ ಅದು.

ಚೀಟಿ ನೋಡಿದ ಅಂತ ಮೇಲೆ ಬರೆದೆನಲ್ಲ, ಸರಿಯಲ್ಲ. ನಾನು ಚೀಟಿಯನ್ನು ಓದಿದೆ, ಪೂರ್ತಿ ಓದಿದೆ. ಅದು ಈಗಲೂ ನನ್ನ ಹತ್ತಿರ ಇದೆ. ಬಿಲ್ ಪುಸ್ತಕದೊಳಗೆ ಸಿಕ್ಕಿಕೊಂಡು ಉಳಿದುಹೋಯಿತು. ಹೀಗಿದೆ:

"ಮಾನ್ಯರೇ, ಜನರೇಟರ್ ಮನೆಯಿಂದ ನೂರು ಅಡಿ ದೂರ ಇರತಕ್ಕದ್ದು. ಅಷ್ಟು ತಂತಿಗೆ ಹನ್ನೆರಡು ವೋಲ್ಟು ಆಗುವುದಿಲ್ಲ. 230ರ ದೊಡ್ಡ ಚಾರ್ಜರ್ ಬೇಕು. ಸ್ಟಾಕ್ ಇಲ್ಲದಿದ್ದರೆ ದಯವಿಟ್ಟು ಇಲ್ಲವೆಂದೇ ಹೇಳಿ ಕಳುಹಿಸಿ, ಬೇರೆ ದಾರಿ ನೋಡುತ್ತೇವೆ. ನನ್ನ ಹೆಂಡತಿ ಸುಲಭವಾದದ್ದನ್ನು ಕೇಳಬಹುದು. ಕೊಡಬೇಡಿ. ಇತಿ, ಸೇತುರಾಮ."

ಬೇರೆ ದಾರಿ. ಇಲ್ಲ ಅಂದಿದ್ದರೆ ಆಕೆ ಬರಿಗೈಯಲ್ಲಿ ಹೊರಡುತ್ತಿದ್ದರು. ಬರಿಗೈಯಲ್ಲಿ ಹೊರಟವರು ಆಸ್ಪತ್ರೆಗೆ ಹೋಗಿ ನಿಜ ಹೇಳುತ್ತಿದ್ದರೋ ಏನೋ. ಹೇಳಿದ್ದರೆ ಬೀರುವಿನ ಕೆಳ ಖಾನೆಯಲ್ಲಿ ಕಾಲಿನ ಪಂಪು ಇತ್ತು.

ನಾನು ಕೆಟ್ಟವನಲ್ಲ. (ಈ ವಾಕ್ಯವನ್ನು ನಾಲ್ಕು ಸಲ ಹೊಡೆದು ಹಾಕಿ ಐದನೇ ಸಲ ಬಿಟ್ಟಿದ್ದೇನೆ.) ಆಕೆ ಅಳುತ್ತಿದ್ದರು, ಆಗತ್ತೆ ಅಂದರೆ ಅಳು ನಿಲ್ಲುತ್ತಿತ್ತು. ಧೂಳು ಹಿಡಿದ ಮಾಲೂ ಖಾಲಿಯಾಗುತ್ತಿತ್ತು. ಎರಡರಲ್ಲಿ ಯಾವುದಕ್ಕೆ ಅಂದೆನೋ, ಮೂರು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ.

ಹನ್ನೆರಡನೇ ದಿನ ಅವರು ಮತ್ತೆ ಬಂದರು. ಬಾಗಿಲ ಹೊರಗೆ ಅವರ ಸೀರೆ ಕಂಡಿತು. ನಾನು ಹಿಂದಿನ ಗೋಡೌನಿಗೆ ಹೋಗಿ ಪೈಪುಗಳ ನಡುವೆ ನಿಂತೆ. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು.

"ಬೆಳಿಗ್ಗೆಯಿಂದ ಸಾಯಂಕಾಲದ ತನಕ ಓಡ್ಸಿದ್ರೂ ತುಂಬ್ತಾ ಇಲ್ಲ ಸಾರ್. ಹತ್ರ ತಂದ್ರೆ ಹೊಗೆ ಸೀದಾ ಅವರ ಕತ್ತಿಗೆ ಹೋಗತ್ತೆ. ದೂರ ಇಟ್ರೆ ಪಂಪು ನಿಲ್ಲತ್ತೆ. ಎಲ್ಲಿಡ್ಲಿ ಹೇಳಿ."

"ಆ ವ್ಯಾಪಾರ ನಮ್ಮ ತಿರುಮಲೇಶಂದು ಕಣಮ್ಮ," ಅಂದರು ಕರಿಬಸವಯ್ಯ. "ಅವ್ನೇ ಹೇಳ್ಬೇಕು. ಇಲ್ಲೇ ಇದ್ದ, ಎಲ್ಲೋಗಿದಾನೋ. ಸೋಮವಾರ ಬನ್ನಿ, ಏನಾದ್ರೂ ಮಾಡೋಣ."

"ಸೋಮವಾರನಾ?"

"ಸೋಮವಾರ."

ಆಕೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಪೈಪುಗಳ ಸಂದಿಯಿಂದ ಅವರ ಕೈ ಕಾಣುತ್ತಿತ್ತು, ಸೀಮೆಎಣ್ಣೆ ಹೊಯ್ದು ಹೊಯ್ದು ಒಡೆದ ಕೈ. ಹೊರಗೆ ಬರಲು ಹತ್ತು ಹೆಜ್ಜೆ ಸಾಕಾಗಿತ್ತು.

ಶನಿವಾರ ಊರೆಲ್ಲ ಅಲೆದು, ಕೈಕಾಲು ಹಿಡಿದು, ಒಂದು ದೊಡ್ಡ ಚಾರ್ಜರ್ ಹುಡುಕಿ ತಂದೆ. ಸೋಮವಾರ ಬೆಳಿಗ್ಗೆ ಒರೆಸಿ ಕೌಂಟರಿನ ಮೇಲೆ ಇಟ್ಟೆ. ಆಕೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬಿಲ್ಲಿನಲ್ಲಿ ವಿಳಾಸ ಇತ್ತು. ಜಯನಗರದಿಂದ ಇಟ್ಟಮಡು ಎಷ್ಟು ದೂರ? ಎರಡು ವರ್ಷ ಹಿಡಿಯಿತು ನನಗೆ.

೧೦

ಹೋದ ವರ್ಷ ಹೋಗಿದ್ದೆ. ಕಂಬಗಳು ಎದ್ದು ನಿಂತಿದ್ದವು. ಮನೆಗಳು ಎಣಿಕೆಗೆ ಸಿಗದಷ್ಟಾಗಿದ್ದವು. ಆ ಮನೆ ಸಿಕ್ಕಿತು. ಗೇಟಿನಲ್ಲಿ ಸೇತುರಾಮ ಅಂತ ಕೆತ್ತಿದ ಕಲ್ಲು ಹಾಗೇ ಇತ್ತು. ಕಲ್ಲು ಏನು, ಯಾರು ಇದ್ದರೂ ಇಲ್ಲದಿದ್ದರೂ ಇರುತ್ತದೆ. ಹಾಡಹಗಲು ಹನ್ನೊಂದು ಗಂಟೆಯಲ್ಲಿ ಜಗಲಿಯ ಬಲ್ಬು ಉರಿಯುತ್ತಿತ್ತು. ಆರಿಸಲು ಮರೆತಿದ್ದರೋ, ಅತ್ತಿಗೆಗೆ ಕಾಣಲಿ ಅಂತ ಉರಿಸಿದ್ದರೋ. ಒಳಗೆ ಯಾವುದೋ ಮೋಟಾರಿನ ಸದ್ದು ಬಂದ ಹಾಗಾಯಿತು. ಮಿಕ್ಸಿಯೂ ಇರಬಹುದು. ನಾನು ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಯಾರೋ ಒಳಗಿನಿಂದ "ಯಾರದು?" ಅಂದರು. ಹೆಂಗಸಿನ ದನಿ. ಅದು ವಾರಿಜಾರ ದನಿಯೇ ಅಂತ ಗುರುತು ಹಿಡಿಯುವಷ್ಟು ನಾನು ಆ ದನಿಯನ್ನು ಎದುರಿಗೆ ನಿಂತು ಕೇಳಿದವನಲ್ಲ.

ಚಿಲಕ ಬಿಟ್ಟು ಬಸ್ ಸ್ಟಾಪಿಗೆ ನಡೆದುಬಿಟ್ಟೆ.

ಹೀಗಾಗಿ ಈ ಕಥೆಗೆ ಅಂತ್ಯ ಇಲ್ಲ. ಜಾಣತನಕ್ಕೆ ಇಲ್ಲ ಅನ್ನುತ್ತಿಲ್ಲ. ನನಗೆ ಗೊತ್ತಿಲ್ಲ.

ಬರೆಯಲು ಕೂತಾಗಲೆಲ್ಲ ಒಂದೇ ಚಿತ್ರ ಬಂದು ನಿಲ್ಲುತ್ತದೆ. ಮಧ್ಯಾಹ್ನ. ಮನೆಯೊಳಗೆ ಪಂಪಿನ ಸದ್ದು ಕುಗ್ಗುತ್ತಿದೆ. ವಾರಿಜಾ ಕಂಬಗಳ ಹತ್ತಿರ ಓಡಿ, ಓಡುತ್ತಿರುವ ಜನರೇಟರಿನ ಹಿಡಿ ಹಿಡಿದು, ಕೆಂಪು ಧೂಳಿನಲ್ಲಿ ದರದರ ಎಳೆದುಕೊಂಡು ಬರುತ್ತಿದ್ದಾರೆ. ಕಿಟಕಿಯ ತನಕ ತಂದರೆ ಹೊಗೆ, ಅಲ್ಲೇ ಬಿಟ್ಟರೆ ಉಸಿರು. ನೂರು ಅಡಿಯಲ್ಲಿ ಐವತ್ತು ಅಡಿ ಬಂದಿದ್ದಾರೆ. ಅಲ್ಲಿ ನಿಂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಪುಟದಿಂದ ತಲೆಯೆತ್ತಿ ನನ್ನನ್ನೇ ನೋಡಿ ಕೇಳುತ್ತಾರೆ.

"ಎಲ್ಲಿಡ್ಲಿ ಹೇಳಿ."

ಆಗ ನನಗೆ ಗೊತ್ತಿರಲಿಲ್ಲ, ಆದರೂ ತಕ್ಷಣ ಹೇಳಿದ್ದೆ. ಈಗ ಗೊತ್ತಿದೆ. ಬಿಟ್ಟುಬಿಡಿ ಅಮ್ಮ ಅದನ್ನು, ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿ, ಬೀರುವಿನ ಕೆಳಗಿನ ಖಾನೆ, ಕಾಲಿನಿಂದ ತುಳಿಯುವುದು ಅಂತ ಬರೆಯುತ್ತೇನೆ, ಕೂಗಿ ಕೂಗಿ ಬರೆಯುತ್ತೇನೆ. ಜನರೇಟರಿನ ಸದ್ದಿನಲ್ಲಿ ಅವರಿಗೆ ಕೇಳಿಸುತ್ತಿಲ್ಲ. ಕೈಯನ್ನು ಕಿವಿಗೆ ಹಿಡಿದು, "ಏನಂದ್ರಿ?" ಅನ್ನುತ್ತಿದ್ದಾರೆ.